ಹಳೆಯ ಕಮಾರೊ ಕೊಳ್ಳುವ ಮುನ್ನ: ತಗಡು, ನಂಬರು, ಎಂಜಿನ್ ಪರೀಕ್ಷೆ

‘ನಿಲ್ಲಿಸುವಾಗ ಓಡುತ್ತಿತ್ತು. ತುಕ್ಕು ಅಷ್ಟೇನಿಲ್ಲ. ನಂಬರ್ಸ್ ಮ್ಯಾಚಿಂಗ್.’ ಅಮೆರಿಕದಲ್ಲಿ ರಿಸ್ಟೋರ್ ಮಾಡಲೆಂದು ಮಾರಾಟಕ್ಕಿಟ್ಟ ಹಳೆಯ ಮಸಲ್ ಕಾರುಗಳ (ದೊಡ್ಡ ಎಂಜಿನ್ನಿನ, ವೇಗದ ಅಮೆರಿಕನ್ ಕಾರುಗಳ) ಜಾಹೀರಾತು ತೆಗೆದರೆ ಈ ಮೂರು ಮಾತುಗಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ‘ನಂಬರ್ಸ್ ಮ್ಯಾಚಿಂಗ್’ ಎಂದರೆ ಎಂಜಿನ್ ಮೇಲಿನ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದುತ್ತದೆ, ಕಾರಿನ ಜೊತೆಗೇ ಹುಟ್ಟಿದ ಎಂಜಿನ್ ಎಂದು. ಮೂರನ್ನೂ ನೀವೇ ಪರೀಕ್ಷಿಸಬಹುದು. ಡೆಟ್ರಾಯಿಟ್, ಷಿಕಾಗೊ, ನ್ಯೂಜೆರ್ಸಿ ಕಡೆ ಮನೆ ಮಾಡಿಕೊಂಡು, ಗ್ಯಾರೇಜಿನ ಎರಡನೇ ಜಾಗದಲ್ಲಿ ಒಂದು ವಿ8 (ಎಂಟು ಸಿಲಿಂಡರಿನ ಎಂಜಿನ್ ಇರುವ ಕಾರು) ನಿಲ್ಲಿಸಬೇಕೆಂದು ಆಸೆಪಡುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ 1969ರ ಷೆವರ್ಲೆ ಕಮಾರೊ ತೆಗೆದುಕೊಂಡಿದ್ದೇನೆ. ಆ ಮಾದರಿ ವರ್ಷದಲ್ಲಿ ತಯಾರಾದದ್ದು 2,43,085 ಕಾರು. ಅದರಲ್ಲಿ ಎಲ್ಲರೂ ಬಯಸುವ, ಹೆಚ್ಚು ಶಕ್ತಿಯ ವಿಶೇಷ ಆವೃತ್ತಿಯಾದ ಝಡ್/28 ಇದ್ದದ್ದು 20,302 ಮಾತ್ರ. ಮಿಕ್ಕವುಗಳಲ್ಲಿ ಬಹುಪಾಲು ಸಾಧಾರಣ ಕಾರುಗಳು. ಇಂದು ಝಡ್/28 ಎಂಬ ಬ್ಯಾಡ್ಜ್ ಹೊತ್ತು ನಿಂತಿರುವ ಎಷ್ಟೋ ಕಾರುಗಳು ಆ ಸಾಧಾರಣ ಗುಂಪಿನಿಂದಲೇ ಬಂದವು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಎಂಜಿನ್ ಕೆಟ್ಟಿದ್ದರೆ ಹೆದರಬೇಡಿ, ತಗಡು ಮತ್ತು ಕಾಗದ ಕೆಟ್ಟಿದ್ದರೆ ಹೆದರಿ. ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಜಿನ್ನಿಗೆ ಪ್ರತಿಯೊಂದು ಭಾಗವೂ ಇಂದಿಗೂ ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟುವ ಖರ್ಚನ್ನು ಮುಂಚೆಯೇ ಅಂದಾಜು ಮಾಡಬಹುದು. ತುಕ್ಕಿನ ಖರ್ಚು ಮಾತ್ರ ಕೆರೆದಷ್ಟೂ ಬೆಳೆಯುತ್ತದೆ.

ಕೊಂಡೊಯ್ಯಬೇಕಾದ್ದು ಹೆಚ್ಚೇನಿಲ್ಲ. ಒಳ್ಳೆಯ ಟಾರ್ಚ್, ಫ್ರಿಜ್ಜಿನ ಮೇಲೆ ಅಂಟಿಸುವಂಥ ತೆಳು ಮ್ಯಾಗ್ನೆಟ್, ಮೊಂಡು ಸ್ಕ್ರೂಡ್ರೈವರ್, ಒಂದು ಬಾಟಲಿ ನೀರು, ಕೈಗವಸು, ಮಾಸ್ಕ್, ಮಲಗಲು ರಟ್ಟಿನ ಹಾಳೆ. ಕಂಪ್ರೆಷನ್ ಗೇಜ್ ಇದ್ದರೆ ಒಳ್ಳೆಯದು.

ಲಕ್ಷಣ: ‘ಒರಿಜಿನಲ್ ಝಡ್/28’ ಎನ್ನುತ್ತಾರೆ, ಬೆಲೆಯೂ ಹಾಗೇ ಇದೆ

ಇದಕ್ಕೆ ಮನೆಯಿಂದ ಹೊರಡಬೇಕಾಗಿಯೇ ಇಲ್ಲ. ಮಾರುವವರಿಗೆ ಫೋನ್ ಮಾಡಿ ಮೂರು ಫೋಟೊ ಕೇಳಿ: ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ಮುಂಗಾಜಿನ ಮೂಲಕ ಕಾಣುವ ವಿಐಎನ್ (ಕಾರಿನ ಗುರುತು ಸಂಖ್ಯೆ) ಪಟ್ಟಿ, ಬಾನೆಟ್ ಒಳಗೆ ಫೈರ್‌ವಾಲ್ (ಎಂಜಿನ್ ಮತ್ತು ಒಳಾಂಗಣದ ನಡುವಿನ ತಗಡುಗೋಡೆ) ಮೇಲಿನ ಟ್ರಿಮ್ ಟ್ಯಾಗ್ ಎಂಬ ಬಾಡಿ ವಿವರದ ಫಲಕ, ಎಂಜಿನ್ ಬ್ಲಾಕ್ ಮೇಲಿನ ಮುದ್ರೆ. ಕೊಡಲು ಸಬೂಬು ಹೇಳಿದರೆ ಆ ಕಾರನ್ನು ಅಲ್ಲಿಗೇ ಬಿಡಿ.

ವಿಐಎನ್ 124379ಎನ್ ಎಂದು ಶುರುವಾದರೆ ಅರ್ಥ ಹೀಗೆ: ಮೊದಲ 1 ಷೆವರ್ಲೆ, 24 ಎಂದರೆ ವಿ8 ಇರುವ ಕಮಾರೊ, 37 ಕೂಪೆ, 9 ಎಂದರೆ 1969, ಎನ್ ಎಂದರೆ ಒಹಾಯೊದ ನಾರ್ವುಡ್ ಕಾರ್ಖಾನೆ. ಎನ್ ಬದಲು ಎಲ್ ಇದ್ದರೆ ಲಾಸ್ ಏಂಜಲೀಸ್. 24ರ ಜಾಗದಲ್ಲಿ 23 ಇದ್ದರೆ ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು. ಅದರೊಳಗೆ ಇಂದು ಯಾವ ವಿ8 ಕೂತಿದ್ದರೂ ಅದು ಝಡ್/28 ಅಲ್ಲ, ಎಸ್‌ಎಸ್ (ಇನ್ನೊಂದು ವಿಶೇಷ ಆವೃತ್ತಿ) ಕೂಡ ಅಲ್ಲ. ಆದರೆ 24 ಇದ್ದ ಮಾತ್ರಕ್ಕೆ ಝಡ್/28 ಎಂದೂ ಆಗುವುದಿಲ್ಲ. ಕಮಾರೊದ ವಿಐಎನ್ ವಿ8 ಎಂಬಷ್ಟನ್ನೇ ಹೇಳುತ್ತದೆ, ಯಾವ ವಿ8 ಎಂದು ಹೇಳುವುದಿಲ್ಲ. ನಕಲಿಗೆ ದಾರಿಯಾದದ್ದು ಇಲ್ಲಿಯೇ.

ಮುಂದಿನ ಸುಲಭ ಪರೀಕ್ಷೆ ಗೇರಿನದು. 1969ರ ಝಡ್/28 ಕೊಳ್ಳುವವರು ನಾಲ್ಕು ಗೇರಿನ ಮ್ಯಾನುಯಲ್ ಮತ್ತು ಮುಂದಿನ ಡಿಸ್ಕ್ ಬ್ರೇಕ್ ತೆಗೆದುಕೊಳ್ಳಲೇಬೇಕಿತ್ತು. ಆಟೊಮ್ಯಾಟಿಕ್ ಗೇರಿನ ‘ಒರಿಜಿನಲ್’ ಎಂದರೆ ಒಂದೋ ಗೇರ್‌ಬಾಕ್ಸ್ ಬದಲಾಗಿದೆ, ಇಲ್ಲವೇ ಕಾರೇ ಬೇರೆ. ಹಿಂದಿನ ಆಕ್ಸಲ್ಲಿನ ಮುಚ್ಚಳದ ಬೋಲ್ಟು ಎಣಿಸಿ, ಹನ್ನೆರಡು ಇರಬೇಕು.

ಟ್ರಿಮ್ ಟ್ಯಾಗಿನಲ್ಲಿ 04ಬಿ ಎಂಬಂತೆ ಒಂದು ಗುರುತು ಇರುತ್ತದೆ. ಬಾಡಿ ಕಟ್ಟಿದ್ದು ಏಪ್ರಿಲ್ ಎರಡನೇ ವಾರ ಎಂದರ್ಥ. ನಾರ್ವುಡ್‌ನಲ್ಲಿ 1968ರ ಡಿಸೆಂಬರ್ ಸುಮಾರಿನಿಂದ ಇದೇ ಟ್ಯಾಗಿನಲ್ಲಿ ಎಕ್ಸ್ ಸಂಕೇತವನ್ನೂ ಒತ್ತತೊಡಗಿದರು. ಎಕ್ಸ್77 ಅಥವಾ ಎಕ್ಸ್33 ಇದ್ದರೆ ಝಡ್/28. ಎಕ್ಸ್11 ಅಲಂಕಾರದ ಪ್ಯಾಕೇಜನ್ನಷ್ಟೇ ಸೂಚಿಸುತ್ತದೆ, ಅದನ್ನು ತೋರಿಸಿ ಎಸ್‌ಎಸ್ ಎಂದು ವಾದಿಸುವವರಿದ್ದಾರೆ, ಒಪ್ಪಬೇಡಿ. ಲಾಸ್ ಏಂಜಲೀಸ್ ಕಾರುಗಳಲ್ಲಿ ಈ ಸಂಕೇತವೇ ಇರುವುದಿಲ್ಲ. ಅಲ್ಲಿ ಹಳೆಯ ಬಿಲ್ಲು ಅಥವಾ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಪುಟ್ಟ ಲೋಹದ ವಾರಂಟಿ ಫಲಕವೇ ಆಧಾರ. ಟ್ಯಾಗನ್ನೂ ನಕಲಿ ಮಾಡಿ ಮಾರುತ್ತಾರೆ. ಅದರ ರಿವೆಟ್ ಹೊಸದಾಗಿದ್ದರೆ, ಸುತ್ತಲಿನ ಬಣ್ಣ ಸೀಳಿದ್ದರೆ, ಟ್ಯಾಗು ಏನು ಹೇಳಿದರೂ ನಂಬಬೇಡಿ.

ಎಂಜಿನ್ ಮುದ್ರೆ ಇರುವುದು ಬ್ಲಾಕಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿ, ಸಿಲಿಂಡರ್ ಹೆಡ್ಡಿನ ಮುಂದಿನ ಸಣ್ಣ ಸಮತಟ್ಟು ಜಾಗದಲ್ಲಿ. ಜಿಡ್ಡನ್ನು ಬಟ್ಟೆಯಿಂದ ಒರೆಸಿ, ವೈರ್ ಬ್ರಷ್ ಹಾಕಬೇಡಿ. ವಿ0412ಡಿಝಡ್ ಎಂದಿದ್ದರೆ ಫ್ಲಿಂಟ್ ಕಾರ್ಖಾನೆ, ಏಪ್ರಿಲ್ 12, ಝಡ್/28ರ 302 (ಘನ ಅಂಗುಲದ) ಎಂಜಿನ್. ಪಕ್ಕದಲ್ಲಿ 19ಎನ್ ಎಂದು ಶುರುವಾಗಿ ಕಾರಿನ ಕ್ರಮಸಂಖ್ಯೆ ಇರಬೇಕು. ಈಗ ಟಾರ್ಚನ್ನು ಓರೆಯಾಗಿ ಹಿಡಿದು ಅಕ್ಷರಗಳ ಹಿಂದಿನ ಲೋಹವನ್ನು ನೋಡಿ. ಕಾರ್ಖಾನೆಯ ಯಂತ್ರ ಕೊರೆದ ಕೂದಲೆಳೆಯಂಥ ಗೆರೆಗಳು ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ನೇರವಾಗಿ, ಒತ್ತೊತ್ತಾಗಿ ಸಾಗಿರುತ್ತವೆ. ಅಕ್ಷರ ಆ ಗೆರೆಗಳನ್ನು ಕಚ್ಚಿಕೊಂಡು ಕೂತಿರುತ್ತದೆ. ಜಾಗ ಕನ್ನಡಿಯಂತೆ ನುಣುಪಾಗಿದ್ದರೆ ಅಥವಾ ಗ್ರೈಂಡರಿನ ಸುತ್ತುಗೆರೆ ಕಂಡರೆ ಹಳೆಯ ಸಂಖ್ಯೆ ಅಳಿಸಿರುವ ಸಾಧ್ಯತೆಯಿದೆ. ಪ್ರಾಮಾಣಿಕವಾಗಿ ಎಂಜಿನ್ ರೀಬಿಲ್ಡ್ ಮಾಡುವಾಗ ಬ್ಲಾಕಿನ ಮೇಲ್ಮೈ ಹೆರೆಸಿದರೂ ಗೆರೆಗಳು ಹೋಗುತ್ತವೆ. ಹಾಗಾಗಿ ಗೆರೆ ಇಲ್ಲದ್ದು ಮೋಸಕ್ಕೆ ಸಾಕ್ಷಿಯಲ್ಲ, ಆದರೆ ‘ಮ್ಯಾಚಿಂಗ್’ ಎಂಬ ಮಾತಿಗೆ ಹೆಚ್ಚುವರಿ ಹಣ ಕೊಡಲು ಇದ್ದ ಕಾರಣ ಹೋಯಿತು. ಎಂಜಿನ್ನಿನ ದಿನಾಂಕ ಬಾಡಿಯ ದಿನಾಂಕಕ್ಕಿಂತ ಈಚಿನದಾಗಿದ್ದರೆ ಅದು ಆ ಕಾರಿನ ಜೊತೆ ಹುಟ್ಟಿದ್ದಲ್ಲ.

ಇವೆಲ್ಲ ನಕಲಿ ಎಂದು ತಿಳಿದರೂ ಕಾರು ಕೆಟ್ಟದ್ದೆಂದಲ್ಲ. ಸಾಧಾರಣ ಕಮಾರೊ ಎಂದು ಒಪ್ಪಿ ಸಾಧಾರಣ ಬೆಲೆಗೆ ಕೊಟ್ಟರೆ ಓಡಿಸಿ ಸಂತೋಷಪಡಲು ಅದು ಸೊಗಸಾದ ಕಾರು. ನನ್ನ ಮಟ್ಟಿಗೆ, ಮೊದಲ ಪ್ರಾಜೆಕ್ಟಿಗೆ ಅದೇ ಸರಿ. ಬೆಲೆ ಭಾರಿ ಇದ್ದು ಅನುಮಾನ ಉಳಿದರೆ ನಿಮ್ಮ ಓದನ್ನಷ್ಟೇ ನಂಬದೆ ಮೊದಲ ತಲೆಮಾರಿನ ಕಮಾರೊದಲ್ಲೇ ಪಳಗಿದ ತಪಾಸಣೆಗಾರರಿಗೆ ಶುಲ್ಕ ಕೊಟ್ಟು ತೋರಿಸಿ.

ಲಕ್ಷಣ: ಬಣ್ಣ ಹೊಸದು, ಕಾರು ಫಳಫಳ ಹೊಳೆಯುತ್ತಿದೆ

ಮಾರುವ ಮುಂಚೆ ಅಗ್ಗದ ಬಣ್ಣ ಹೊಡೆಸಿದ ಕಾರಿಗಿಂತ ಬಣ್ಣ ಮಾಸಿ ತಗಡು ಕಾಣುವ ಕಾರು ವಾಸಿ. ತೆಳು ಮ್ಯಾಗ್ನೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ, ಬಣ್ಣಕ್ಕೆ ಗೀರಾಗದಂತೆ, ಮುಂದಿನ ಮಡ್‌ಗಾರ್ಡಿನ ಕೆಳಭಾಗದಲ್ಲಿ ಚಕ್ರದ ಹಿಂದೆ, ಬಾಗಿಲಿನ ತಳದಲ್ಲಿ, ಹಿಂಚಕ್ರದ ಕಮಾನಿನ ಸುತ್ತ ಮತ್ತು ಅದರ ಹಿಂದಿನ ಮೂಲೆಯಲ್ಲಿ ಇಟ್ಟು ನೋಡಿ. ಮೊದಲು ಬಾಗಿಲ ನಡುಮಧ್ಯದಲ್ಲಿ ಇಟ್ಟು ಹಿಡಿತ ಎಷ್ಟೆಂದು ಕೈಗೆ ತಿಳಿದುಕೊಳ್ಳಿ. ಕೆಳಗೆ ಬಂದಾಗ ಜಾರಿ ಬಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ತುಂಬಿದೆ. ಇಲ್ಲಿಯವರು ಬಾಂಡೋ ಎನ್ನುತ್ತಾರೆ. ಸಣ್ಣ ನೆಗ್ಗನ್ನು ಸರಿಮಾಡಿದ ತೆಳು ಪುಟ್ಟಿ ಚಿಂತೆಯ ವಿಷಯವಲ್ಲ. ಹಿಂಚಕ್ರದ ಸುತ್ತ ಪೂರ್ತಿ ಹಿಡಿಯದಿದ್ದರೆ ಎರಡೂ ಬದಿಯ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಲಿನ ಪಕ್ಕದ ತಗಡು) ಬದಲಿಸಬೇಕು ಎಂದೇ ಲೆಕ್ಕ ಹಿಡಿಯಿರಿ.

ವಿನೈಲ್ ಹೊದಿಸಿದ ಛಾವಣಿ ಇದ್ದರೆ ಅಂಗೈ ಆಡಿಸಿ. ಗುಳ್ಳೆ ಸಿಕ್ಕರೆ ಕೆಳಗೆ ತುಕ್ಕು ಎದ್ದಿದೆ.

ಲಕ್ಷಣ: ಡಿಕ್ಕಿಯೊಳಗೆ ನೀರಿನ ಕಲೆ, ಕಾಲಡಿಯ ಕಾರ್ಪೆಟ್ ಒದ್ದೆ

ಈ ಒಂದು ಪರೀಕ್ಷೆಗೆ ಮಿಕ್ಕವುಗಳಿಗಿಂತ ಹೆಚ್ಚು ಸಮಯ ಕೊಡಿ.

ಡಿಕ್ಕಿಯ ಮ್ಯಾಟ್ ಎತ್ತಿ. ತಳ ತೂತಾಗಿದ್ದರೆ ತಳವನ್ನಷ್ಟೇ ದೂರಬೇಡಿ. ನೀರು ಎಲ್ಲಿಂದ ಬಂತು ಎಂದು ಕೇಳಿ. ಬಹುತೇಕ ಸಲ ಉತ್ತರ ಹಿಂದಿನ ಗಾಜು. ಗಾಜಿನ ಕೆಳ ಅಂಚಿನ ಹೊಳೆಯುವ ಪಟ್ಟಿಯಡಿ ಒಂದು ಕಾಲುವೆಯಿದೆ, ಎಲೆ ಕಸ ಕೂತು ಅಲ್ಲಿ ನೀರು ನಿಲ್ಲುತ್ತದೆ. ಮಾರುವವರ ಒಪ್ಪಿಗೆ ಪಡೆದು ಗಾಜಿನ ಕೆಳಮೂಲೆಯಲ್ಲಿ ಸ್ಕ್ರೂಡ್ರೈವರಿನ ಮೊಂಡು ತುದಿಯಿಂದ ಮೆಲ್ಲಗೆ ಒತ್ತಿ. ಗಟ್ಟಿ ಲೋಹ ‘ಟಣ್’ ಎನ್ನುತ್ತದೆ. ಕೊಳೆತದ್ದು ಸದ್ದೇ ಮಾಡದೆ ಒಳಕ್ಕೆ ಇಳಿಯುತ್ತದೆ, ಕೆಂಪು ಪುಡಿಯ ಪದರಗಳು ಗಾಜಿನಂಚಿನಿಂದ ಡಿಕ್ಕಿಯೊಳಕ್ಕೆ ಉದುರುತ್ತವೆ. ಆಗ ಗಾಜು ತೆಗೆದು, ಅಂಚನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಡಿಕ್ಕಿಯ ತಳವನ್ನೂ ಹಾಕಬೇಕು. ಭಾಗಗಳೇನೋ ಸಿಗುತ್ತವೆ, ಕೂಲಿಯೇ ದುಬಾರಿ.

ಮುಂದಿನ ಕಾಲಡಿ ಒದ್ದೆಯಿದ್ದರೆ ಎರಡು ಸಾಧ್ಯತೆ. ಬೆರಳಿಗೆ ತಾಗಿದ ನೀರು ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರ್ ಕೋರಿನಿಂದ ಸೋರಿದ ಕೂಲೆಂಟ್, ಸಣ್ಣ ಖರ್ಚು. ಬಾಯಿಗೆ ಹಾಕಿ ನೋಡಬೇಡಿ, ಕೂಲೆಂಟ್ ವಿಷ. ಬರೀ ನೀರಾಗಿದ್ದರೆ, ಮುಂಗಾಜಿನ ಮುಂದಿನ ಜಾಲರಿಗೆ ಬಾಟಲಿಯಿಂದ ನೀರು ಸುರಿದು, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿ ನೋಡಿ. ನೀರು ಹೊರಗೆ, ಮುಂಚಕ್ರದ ಹಿಂದೆ ಇಳಿದುಹೋಗಬೇಕು. ಒಳಗೆ ತೊಟ್ಟಿಕ್ಕಿದರೆ ಕೌಲ್ ಎಂಬ ಪೆಟ್ಟಿಗೆಯೇ ಕೊಳೆತಿದೆ. ಅದನ್ನು ಸರಿಮಾಡಲು ಕಾರಿನ ಮುಂಭಾಗವನ್ನೆಲ್ಲ ಬಿಚ್ಚಬೇಕು. ಮೊದಲ ಸಲ ಕೈಹಾಕುವವರು ಈ ಹಂತದಲ್ಲಿ ಬೇರೆ ಕಾರು ಹುಡುಕುವುದೇ ಮೇಲು.

ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿನೊಳಗೆ ಇಲಿ ಗೂಡು ಮಾಡಿರುತ್ತದೆ. ಒಣಗಿದ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ತಗುಲಿ ಶ್ವಾಸಕೋಶದ ಮಾರಕ ಕಾಯಿಲೆ ಬರಬಹುದು. ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಬ್ಲೀಚ್ ನೀರು ಚಿಮುಕಿಸಿ ನೆನೆಸಿ, ಕೈಗವಸು ಮತ್ತು ಮಾಸ್ಕ್ ಹಾಕಿ ಒರೆಸಿ ತೆಗೆಯಿರಿ.

ಲಕ್ಷಣ: ಬಾಗಿಲನ್ನು ಎತ್ತಿ ಮುಚ್ಚಬೇಕು

ಬಾಗಿಲು ಅರ್ಧ ತೆರೆದು ತುದಿಯನ್ನು ಮೇಲಕ್ಕೆ ಎತ್ತಿ. ಕೀಲಿನ ಬಳಿ ಅಲುಗಾಡಿದರೆ ಹಿಂಜ್ ಪಿನ್ ಮತ್ತು ಬುಶ್ ಸವೆದಿವೆ. ಬಾಗಿಲು ಭಾರ, ಇದು ಎಲ್ಲ ಕಮಾರೊಗಳಲ್ಲೂ ಆಗುವಂಥದ್ದು, ಅಗ್ಗದ ರಿಪೇರಿ. ಕೀಲು ಬಿಗಿಯಾಗಿದ್ದೂ ಬಾಗಿಲಿನ ಹಿಂಬದಿಯ ಸಂದು ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು ಅಳತೆ ಇದ್ದರೆ ಬಾಡಿಯೇ ಜಗ್ಗಿರಬಹುದು. ಕನ್ವರ್ಟಿಬಲ್ ಆದರೆ ಇನ್ನೂ ಎಚ್ಚರ, ಛಾವಣಿಯ ಆಸರೆ ಅದಕ್ಕಿಲ್ಲ. ಖಚಿತವಾಗಬೇಕೆಂದರೆ ಕೆಳಗೆ ನೋಡಲೇಬೇಕು.

ಲಕ್ಷಣ: ಕಾರಿನ ತಳಕ್ಕೆಲ್ಲ ಹೊಸದಾಗಿ ಕಪ್ಪು ಬಳಿದಿದೆ

ಐವತ್ತಕ್ಕೂ ಹೆಚ್ಚು ವರ್ಷದ ಕಾರಿನ ತಳ ಒಂದೇ ಬಣ್ಣದಲ್ಲಿ ಹೊಸದಾಗಿ ಮಿರುಗುತ್ತಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದುಕೊಂಡೇ ನೋಡಿ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲೇ ಬಾಳಿದ ಕಾರಿಗಿಂತ ಅರಿಜೋನಾದಲ್ಲಿ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್ ಸುಟ್ಟುಹೋದ ಕಾರು ಒಳ್ಳೆಯದು. ಸಾಗಣೆ ಖರ್ಚು ಸೇರಿಸಿದರೂ ಅಷ್ಟೇ.

ಜ್ಯಾಕಿನ ಮೇಲಷ್ಟೇ ನಿಂತ ಕಾರಿನಡಿ ಯಾವತ್ತೂ ತಲೆಹಾಕಬೇಡಿ. ಗಟ್ಟಿ ಕಾಂಕ್ರೀಟ್ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಒಳ್ಳೆಯ ಸ್ಟ್ಯಾಂಡ್ ಇದ್ದರೆ ಮಾತ್ರ ಮಲಗಿ. ಸ್ಟ್ಯಾಂಡನ್ನು ತುಕ್ಕು ಹಿಡಿದ ತಗಡಿಗೆ ಕೊಟ್ಟರೆ ತಗಡು ಹರಿದು ಕಾರು ಕುಸಿಯುತ್ತದೆ. ಹುಲ್ಲಿನ ಮೇಲೆ ಅಥವಾ ಮಣ್ಣಿನಲ್ಲಿ ನಿಂತ ಕಾರಾದರೆ ಫೋನ್ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಕೆಳಗೆ ಚಾಚಿ ವಿಡಿಯೊ ತೆಗೆಯಿರಿ.

ಮೊದಲ ತಲೆಮಾರಿನ ಕಮಾರೊದಲ್ಲಿ, ಅಂದರೆ 1967ರಿಂದ 69ರವರೆಗೆ, ಪೂರ್ತಿ ಚಾಸಿಸ್ ಇಲ್ಲ. ಮುಂಭಾಗಕ್ಕೆ ಒಂದು ಸಬ್‌ಫ್ರೇಮ್ ಇದೆ, ಎಂಜಿನ್ ಅದರ ಮೇಲೆ ಕೂರುತ್ತದೆ. ಅದನ್ನು ಬಾಡಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಫೈರ್‌ವಾಲ್ ಬಳಿ ಎರಡು, ಸೀಟಿನ ಮುಂದೆ ನೆಲದಡಿ ಎರಡು. ಈ ನಾಲ್ಕು ಬೋಲ್ಟಿನ ಸುತ್ತಲಿನ ತಗಡು ಗಟ್ಟಿಯಿದೆಯೇ ಎಂದು ಒತ್ತಿ ನೋಡಿ. ರಬ್ಬರ್ ಮಾತ್ರ ಸತ್ತಿದ್ದರೆ ಹೊಸದು ಹಾಕಿದರಾಯಿತು. ತಗಡು ಕೊಳೆತಿದ್ದರೆ ಕಾರಿನ ಅರ್ಧ ಭಾರಕ್ಕೆ ನೆಲೆಯಿಲ್ಲ. ಹಾಗೆಯೇ ಹಿಂದೆ, ಲೀಫ್ ಸ್ಪ್ರಿಂಗಿನ ಮುಂತುದಿ ಬಾಡಿಗೆ ಸೇರುವ ಜಾಗ, ಅಲ್ಲಿಂದ ಡಿಕ್ಕಿಯಡಿ ಹೋಗುವ ಉದ್ದನೆಯ ರೈಲುಗಳು. ಸೀಟಿನಡಿಯ ನೆಲ ತೂತಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ರೈಲು ಹೋಗಿದ್ದರೆ ಜಿಗ್ (ಬಾಡಿಯನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಚೌಕಟ್ಟು) ಇರುವ ಅಂಗಡಿಯವರೇ ಬೇಕು, ಮನೆಯಲ್ಲಿ ಮಾಡುವ ಕೆಲಸವಲ್ಲ. ಕೌಲ್, ರೈಲು, ಸಬ್‌ಫ್ರೇಮ್ ಕೂರುವ ಜಾಗ, ಈ ಮೂರರಲ್ಲಿ ಎರಡು ಹೋಗಿದ್ದರೆ ಕಾರು ಯಾವುದೇ ಇರಲಿ, ನಾನಾದರೆ ಕೈಮುಗಿದು ಹೊರಡುತ್ತೇನೆ.

ಲಕ್ಷಣ: ಎಂಜಿನ್ ತಿರುಗುತ್ತಲೇ ಇಲ್ಲ

ಬ್ಯಾಟರಿ ತಂದು ಸ್ಟಾರ್ಟ್ ಹೊಡೆಯಲು ಆತುರಪಡಬೇಡಿ. ಮೊದಲು ಆಯಿಲ್ ಕಡ್ಡಿ ಎಳೆಯಿರಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಆಯಿಲಿಗೆ ನೀರು ಸೇರಿದೆ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆಯಿದ್ದರೆ ಇಂಧನ ಇಳಿದಿದೆ. ಎರಡರಲ್ಲೂ ಸ್ಟಾರ್ಟ್ ಮಾಡಕೂಡದು.

ಕಡ್ಡಿ ಸರಿಯಿದ್ದರೆ ಎಲ್ಲ ಎಂಟು ಪ್ಲಗ್ ಬಿಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ. ತಿರುಗಿದರೆ ಒಳ್ಳೆಯ ಸುದ್ದಿ. ಬಿಗಿಯಾಗಿದ್ದರೆ ಪ್ಲಗ್ ತೂತುಗಳಲ್ಲಿ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು, ಅದು ಕೊಂಡ ಮೇಲಿನ ಮಾತು. ನೋಡಲು ಹೋದ ದಿನ ‘ಎಂಜಿನ್ ಜಾಮ್, ಪೂರ್ತಿ ರೀಬಿಲ್ಡ್’ ಎಂದೇ ಬರೆದುಕೊಂಡು ಅದರ ಮೇಲೆ ಚೌಕಾಸಿ ಮಾಡಿ.

ಲಕ್ಷಣ: ಎಂಜಿನ್ ಓಡುತ್ತದೆ, ಆದರೆ ಹೊಗೆ

ವರ್ಷಾನುಗಟ್ಟಲೆ ಟ್ಯಾಂಕಿನಲ್ಲಿದ್ದ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತದೆ, ಅದರ ಮೇಲೆ ಓಡಿಸಬೇಡಿ. ಹೊಸ ಇಂಧನ ತುಂಬಿದ ಸಣ್ಣ ಡಬ್ಬದಿಂದ ಪೈಪು ಕೊಡಿ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಸಣ್ಣ ಕೆಲಸ. ಆಕ್ಸಿಲರೇಟರ್ ಒತ್ತಿದಾಗೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗು ಸವೆದಿರಬಹುದು. ಕಪ್ಪು ಹೊಗೆ ಕಾರ್ಬೊರೇಟರಿನದು. ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ.

ಗೇಜ್ ಇದ್ದರೆ ಇಗ್ನಿಷನ್ ಕಳಚಿ, ಥ್ರಾಟಲ್ ತೆರೆದು ಎಂಟೂ ಸಿಲಿಂಡರ್ ಅಳೆಯಿರಿ. ಎಲ್ಲಕ್ಕಿಂತ ಕಡಿಮೆಯದು ಎಲ್ಲಕ್ಕಿಂತ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿರಬಾರದು. ಕಡಿಮೆ ಬಂದದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್. ಇವೆಲ್ಲ ಬೆಲೆ ಇಳಿಸುವ ಕಾರಣಗಳು. ಕಾರು ಬಿಟ್ಟುಬರುವ ಕಾರಣಗಳಲ್ಲ.

ಲಕ್ಷಣ: ಬ್ರೇಕ್ ಪೆಡಲ್ ನೆಲ ಮುಟ್ಟುತ್ತದೆ

ಓಡಿಸಬೇಡಿ, ‘ಇಲ್ಲೇ ಒಂದು ರೌಂಡ್’ ಎಂದರೂ ಬೇಡ. ಪೂರ್ತಿ ಬ್ರೇಕ್ ಹೊಸದಾಗಿ ಹಾಕುವ ಖರ್ಚನ್ನು ಯಾವುದೇ ಪ್ರಾಜೆಕ್ಟ್ ಕಾರಿಗೆ ಹೇಗೂ ಸೇರಿಸಿಕೊಳ್ಳಿ. ಹಳೆಯ ಬ್ರೇಕ್ ಮತ್ತು ಕ್ಲಚ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಆ ಧೂಳನ್ನು ಗಾಳಿ ಊದಿ ತೆಗೆಯಬೇಡಿ.

ಲಕ್ಷಣ: ಕಾರು ಬಿಚ್ಚಿದೆ, ಭಾಗಗಳೆಲ್ಲ ಡಬ್ಬಗಳಲ್ಲಿವೆ

‘ಎಲ್ಲಾ ಇದೆ’ ಎಂಬುದು ಮಾರುವವರ ನಂಬಿಕೆ, ಸುಳ್ಳೇನೂ ಅಲ್ಲ. ಆದರೆ ಬಿಚ್ಚಿದವರ ನೆನಪು ಡಬ್ಬದಲ್ಲಿ ಬರುವುದಿಲ್ಲ. ಕಮಾರೊದ ತಗಡು, ಲೈಟು, ಸೀಟುಬಟ್ಟೆ ಎಲ್ಲವೂ ಹೊಸದಾಗಿ ತಯಾರಾಗುತ್ತವೆ, ಬಾಡಿಯೇ ಹೊಸದು ಸಿಗುತ್ತದೆ. ಹಾಗಾಗಿ ಸಣ್ಣ ಭಾಗ ಕಳೆದಿದ್ದರೆ ಚಿಂತೆಯಿಲ್ಲ. ಕಾರಿನ ಜೊತೆಗೇ ಹುಟ್ಟಿದ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಕಾರ್ಬೊರೇಟರ್ ಇವೆಯೇ ಎಂದಷ್ಟೇ ಕೇಳಿ. ಬೆಲೆಯನ್ನು ಭಾಗಗಳ ಮೊತ್ತವೆಂದೇ ಹಿಡಿದು ಮಾತಾಡಿ.

ಲೆಕ್ಕ ಹಾಕುವ ರೀತಿ ಸರಳ. ಅದೇ ಮಾದರಿಯ, ಓಡಾಡುವ ಸ್ಥಿತಿಯಲ್ಲಿರುವ ಒಳ್ಳೆಯ ಕಾರು ನಿಜವಾಗಿ ಎಷ್ಟಕ್ಕೆ ಮಾರಾಟವಾಗುತ್ತಿದೆ ನೋಡಿ; ಕೇಳುವ ಬೆಲೆಯಲ್ಲ, ಹರಾಜಿನಲ್ಲಿ ಕೈಬದಲಾದ ಬೆಲೆ. ಅದರಿಂದ ಟಿಂಕರಿಂಗ್, ಬಣ್ಣ, ಎಂಜಿನ್, ಬ್ರೇಕ್, ವೈರಿಂಗ್, ಸೀಟಿನ ಖರ್ಚು ಕಳೆಯಿರಿ. ಪೂರ್ತಿ ರಿಸ್ಟೋರೇಷನ್ ಎಂದರೆ ಸಾವಿರ ಗಂಟೆ ದಾಟುವುದು ಅಪರೂಪವಲ್ಲ. ಅಂಗಡಿಯ ಗಂಟೆಯ ದರದಿಂದ ಗುಣಿಸಿದರೆ ಬಹುತೇಕ ಪ್ರಾಜೆಕ್ಟುಗಳು ನಷ್ಟದಲ್ಲೇ ಮುಗಿಯುತ್ತವೆ. ಬಿಚ್ಚಿ ಕಟ್ಟುವ ಕೆಲಸವೇ ನಿಮಗೆ ಪ್ರೀತಿಯಾದರೆ ಆ ನಷ್ಟವನ್ನು ಖುಷಿಯ ಖರ್ಚೆಂದು ಒಪ್ಪಿಕೊಂಡು ಕೊಳ್ಳಿ. ಓಡಿಸುವುದು ಪ್ರೀತಿಯಾದರೆ ಮುಗಿದ ಕಾರನ್ನೇ ಕೊಳ್ಳಿ.

ಲಕ್ಷಣ: ‘ಟೈಟಲ್ ಕಳೆದುಹೋಗಿದೆ, ಬಿಲ್ ಆಫ್ ಸೇಲ್ ಕೊಡುತ್ತೇನೆ’

ನ್ಯೂಯಾರ್ಕ್ ರಾಜ್ಯದಲ್ಲಿ 1972 ಮತ್ತು ಅದಕ್ಕೂ ಹಳೆಯ ಕಾರುಗಳಿಗೆ ಟೈಟಲ್ ಎಂಬ ಒಡೆತನದ ಪತ್ರ ಕೊಡುವುದೇ ಇಲ್ಲ, ವರ್ಗಾಯಿಸಬಹುದಾದ ರಿಜಿಸ್ಟ್ರೇಷನ್ನೇ ದಾಖಲೆ. ಅಲ್ಲಿಯ ಕಾರಾದರೆ ಅನುಮಾನ ಬೇಡ, ಆ ರಿಜಿಸ್ಟ್ರೇಷನ್ ಕಾಗದ ಕೇಳಿ. ಬೇರೆ ಕಡೆಯದಾದರೆ ‘ನೀವೇ ಡೂಪ್ಲಿಕೇಟ್ ತೆಗೆಸಿ ಕೊಡಿ, ಆಮೇಲೆ ಹಣ’ ಎನ್ನಿ. ದಾಖಲೆಯಲ್ಲಿ ಹೆಸರಿರುವವರಿಗೆ ಅದು ಕಷ್ಟದ ಕೆಲಸವಲ್ಲ. ಕಾಗದದಲ್ಲಿ ಹೆಸರು ಬೇರೆಯವರದ್ದಾಗಿದ್ದರೆ, ಸಾಲದ ಹೊರೆ ಇದೆಯೆಂದು ನಮೂದಾಗಿದ್ದರೆ ನಿಲ್ಲಿ.

ವಿಐಎನ್ ಪಟ್ಟಿಯ ರಿವೆಟ್ ಹೂವಿನ ದಳದಾಕಾರದಲ್ಲಿರಬೇಕು. ಸಾಧಾರಣ ರಿವೆಟ್, ಸ್ಕ್ರೂ ಅಥವಾ ಗೋಂದು ಕಂಡರೆ ಪಟ್ಟಿ ಬೇರೆ ಕಾರಿನಿಂದ ಬಂದಿರಬಹುದು. 1969ರ ಕಮಾರೊದಲ್ಲಿ ಕ್ರಮಸಂಖ್ಯೆಯನ್ನು ಕೌಲ್ ಜಾಲರಿಯಡಿ ಮತ್ತು ಫೈರ್‌ವಾಲ್ ಮೇಲೆ ಹೀಟರ್ ಮೋಟಾರಿನ ಹಿಂದೆ ಗುಟ್ಟಾಗಿ ಒತ್ತಿದ್ದಾರೆ, ಮೂರೂ ಹೊಂದಬೇಕು. ಹೊಂದದ ಕಾರು ಕದ್ದದ್ದೆಂದು ತಿಳಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ನೀವು ಕೊಟ್ಟ ಹಣ ವಾಪಸು ಕೊಡುವವರಿಲ್ಲ. ವೀಸಾದ ಮೇಲಿರುವವರು ಕದ್ದ ಮಾಲಿನ ಕೇಸಿನಲ್ಲಿ ಸಾಕ್ಷಿಯಾಗಿಯೂ ಸಿಕ್ಕಿಕೊಳ್ಳುವುದು ಬೇಡ. ಸಂಖ್ಯೆಯಲ್ಲಿ ಅನುಮಾನವಿದ್ದರೆ ಮೆಕ್ಯಾನಿಕ್ ಬಳಿ ಹೋಗಬೇಡಿ. ನಿಮ್ಮ ರಾಜ್ಯದ ವಾಹನ ಇಲಾಖೆಯಲ್ಲಿ ವಿಐಎನ್ ತಪಾಸಣೆ ಹೇಗೆ ಮಾಡಿಸುವುದೆಂದು ಕೇಳಿ, ಅದು ಮುಗಿಯುವ ತನಕ ಮುಂಗಡವನ್ನೂ ಕೊಡಬೇಡಿ. ಎಲ್ಲ ಸರಿಯಿದ್ದರೆ ಮಾರುವವರನ್ನು ಆ ಇಲಾಖೆಯ ಕಚೇರಿಗೇ ಕರೆದೊಯ್ದು, ಹೆಸರು ಬದಲಾಯಿಸುವ ಕೌಂಟರಿನ ಮುಂದೆ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಹಣದ ಖಾತರಿ ಕೊಡುವ ಚೆಕ್) ಕೊಡಿ.